ಮುಳ್ಳು ನಿಂತಿದೆ, ಬಿಸಿ ನಿಂತಿಲ್ಲ

ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಹದವಾಗಿದ್ದ ಎಂಜಿನ್, ಟ್ರಾಫಿಕ್‌ನಲ್ಲಿ ಸುಮ್ನೆ ನಿಂತಾಗ ಬಿಸಿಯೇರುತ್ತದೆ. ಉಲ್ಟಾ ಆಗಬೇಕಿತ್ತು, ಅಲ್ವಾ? ಓಡುವಾಗಲೇ ತಾನೇ ಜಾಸ್ತಿ ಪೆಟ್ರೋಲ್ ಉರಿಯುವುದು?

ಉರಿಯುವುದೇನೋ ನಿಜ. ಪೆಟ್ರೋಲಿನ ಶಕ್ತಿಯಲ್ಲಿ ಗಾಡಿ ಓಡಿಸುವುದಕ್ಕೆ ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದದ್ದು ಬಿಸಿ. ಒಂದಿಷ್ಟು ಸೈಲೆನ್ಸರ್‌ನಿಂದ ಹೊರಬೀಳುತ್ತದೆ, ಇನ್ನೊಂದಿಷ್ಟನ್ನು ಎಂಜಿನ್ ಒಳಗೆ ಹರಿದಾಡುವ ಕೂಲಂಟ್ ಎಂಬ ದ್ರವ ಹೊತ್ತುಕೊಂಡು ಹೋಗಿ, ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿಗೆ ಒಪ್ಪಿಸುತ್ತದೆ. ಓಡುವಾಗ ಎದುರುಗಾಳಿ ಆ ಬಿಸಿಯನ್ನು ಬಳಿದುಕೊಂಡು ಹೋಗುತ್ತದೆ. ನಿಂತಾಗ ಗಾಳಿಯೇ ಇಲ್ಲ, ಎಲ್ಲಾ ಭಾರ ಫ್ಯಾನ್ ಮೇಲೆ. ಬೆಟ್ಟ ಹತ್ತುವಾಗಂತೂ ಎರಡೂ ಕಡೆಯಿಂದ ಹೊಡೆತ: ಎಂಜಿನ್‌ಗೆ ಕೆಲಸ ಜಾಸ್ತಿ, ವೇಗ ಕಡಿಮೆ. ಎಸಿ ಹಾಕಿದ್ದರೆ ಅದರ ಬಿಸಿಯೂ ರೇಡಿಯೇಟರ್ ಮುಂದೆಯೇ ಬಂದು ಬೀಳುತ್ತದೆ.

ಇಷ್ಟೆಲ್ಲದರ ನಡುವೆ ಹದ ಕಾಯುವುದು ಥರ್ಮೋಸ್ಟಾಟ್. ಅದರೊಳಗೆ ಇರುವುದು ಒಂದು ಚೂರು ಮೇಣ, ಅಷ್ಟೇ! ಕೂಲಂಟ್ ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ, ಕವಾಟವನ್ನು ತಳ್ಳಿ ರೇಡಿಯೇಟರಿನ ದಾರಿ ತೆರೆಯುತ್ತದೆ. ತಣ್ಣಗಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ತೆರೆದೇ ಸಿಕ್ಕಿಕೊಂಡರೆ ಹೆದ್ದಾರಿಯಲ್ಲಿ, ಎಂಜಿನ್ ಬಿಸಿ ತೋರಿಸುವ ಡ್ಯಾಶ್‌ಬೋರ್ಡಿನ ಮುಳ್ಳು ಕೆಳಗಿಳಿಯುತ್ತದೆ. ಎಂಜಿನ್ ಹದಕ್ಕೆ ಬರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಅಂದಹಾಗೆ, ಆ ಮುಳ್ಳನ್ನು ಪೂರ್ತಿ ನಂಬಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಬಿಸಿ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೂ ಮುಳ್ಳು ನಡುವಿನಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಓಡಿಸುವವರು ಗಾಬರಿಯಾಗದಿರಲಿ ಅಂತ. ನನಗೇಕೋ ಇದು ಸಣ್ಣ ಮೋಸ ಅನ್ನಿಸುತ್ತದೆ. ಅಂಥ ಕಾರಿನಲ್ಲಿ ಮುಳ್ಳು ಮೇಲೇರಲು ಶುರುವಾಯಿತೆಂದರೆ ಆಗಲೇ ತಡವಾಗಿರುತ್ತದೆ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ರೇಡಿಯೇಟರಿನ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗಿನ ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕೂಲಂಟ್ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದರೆ ಒತ್ತಡ ಇಳಿದು, ಕುದಿದು ಮುಖಕ್ಕೇ ಚಿಮ್ಮುತ್ತದೆ.

ನಿಲ್ಲಿಸಲು ಜಾಗವೇ ಇಲ್ಲದಿದ್ದರೆ? ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಬೆವರಿಳಿಯುತ್ತದೆ, ಇಳಿಯಲಿ. ಹೀಟರ್ ಅಂದರೆ ಒಳಗಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನೇ ಎಳೆದು ನಿಮ್ಮ ಮೇಲೆ ಬೀಸುತ್ತದೆ. ಗಾಡಿ ಓಡುವಾಗ ಹೀಟರ್‌ನಿಂದ ಬಿಸಿಗಾಳಿ ಬಂದು, ಗಾಡಿ ನಿಂತಾಗ ಅದು ತಣ್ಣಗಾಗುತ್ತಿದ್ದರೆ ಕೂಲಂಟ್ ಕಡಿಮೆಯಾಗಿರಬಹುದು, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿರಬಹುದು. ಎಂಜಿನ್ ನಿಧಾನವಾದಾಗ ಕೂಲಂಟ್ ತಳ್ಳುವ ಪಂಪೂ ನಿಧಾನವಾಗಿ, ಇದ್ದಷ್ಟು ಕೂಲಂಟ್ ಹೀಟರ್‌ವರೆಗೆ ತಲುಪುವುದೇ ಇಲ್ಲ.