ಹೃದಯಕ್ಕೆಂದು ಬಂದ ಹಸಿರು, ಕರುಳಿನ ಥಿಯೇಟರಿನಲ್ಲಿ

ಆಪರೇಷನ್ ಥಿಯೇಟರಿನಲ್ಲಿ ಐಸಿಜಿ ಎಂದು ಕರೆಯುವ ಇಂಡೊಸಯನೈನ್ ಗ್ರೀನ್ ಮೂಲತಃ ಕೊಡಾಕ್ ಪ್ರಯೋಗಾಲಯದಲ್ಲಿ ಛಾಯಾಗ್ರಹಣಕ್ಕಾಗಿ ತಯಾರಾದ ಬಣ್ಣ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಇರ್ವಿನ್ ಫಾಕ್ಸ್ ಮತ್ತು ಅರ್ಲ್ ವುಡ್ 1950ರ ದಶಕದ ಕೊನೆಯಲ್ಲಿ ಹೃದಯ ಹೊರಹಾಕುವ ರಕ್ತವನ್ನು ಅಳೆಯಲು ಅದನ್ನು ಬಳಸಿದರು. 1959ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೂ ದೊರೆಯಿತು. ಯಕೃತ್ತಿನ ಪರೀಕ್ಷೆಗೂ ಕಣ್ಣಿನ ರಕ್ತನಾಳಗಳ ಚಿತ್ರಣಕ್ಕೂ ಒದಗಿದ ಈ ಬಣ್ಣ ಜೀರ್ಣಾಂಗಗಳ ಶಸ್ತ್ರಚಿಕಿತ್ಸೆಯಲ್ಲಿ ನೆಲೆಯೂರಲು ಮಾತ್ರ ಅರ್ಧ ಶತಮಾನ ಹಿಡಿಯಿತು.

ಅದರ ಅಗತ್ಯವನ್ನು ಹುಟ್ಟಿಸಿದ್ದು, ನನ್ನ ಎಣಿಕೆಯಲ್ಲಿ, ಲ್ಯಾಪರೊಸ್ಕೋಪಿಯೇ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆದ ಮೇಲೆ ಹಬ್ಬಿದ ಈ ವಿಧಾನ ರೋಗಿಯ ನೋವನ್ನೂ ಆಸ್ಪತ್ರೆವಾಸವನ್ನೂ ತಗ್ಗಿಸಿತಾದರೂ, ನಾಡಿಮಿಡಿತವನ್ನು ಬೆರಳಿನಿಂದಲೇ ಗುರುತಿಸುತ್ತಿದ್ದ ಸರ್ಜನ್‌ನ ಸ್ಪರ್ಶವನ್ನು ಕಸಿದುಕೊಂಡಿತು; ಆರಂಭದ ವರ್ಷಗಳಲ್ಲಿ ಪಿತ್ತನಾಳದ ಗಾಯಗಳೂ ಹೆಚ್ಚಿದವು.

ಸುಮಾರು 800 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರಿ, ಸ್ವಲ್ಪ ಉದ್ದದ ತರಂಗವಾಗಿ ಹೊರಸೂಸುವ ಐಸಿಜಿಯ ಹೊಳಪು ಬರಿಗಣ್ಣಿಗೆ ಕಾಣದು. ಅದನ್ನು ಹಿಡಿಯಬಲ್ಲ ಅವಕೆಂಪು ಕ್ಯಾಮೆರಾ ಲ್ಯಾಪರೊಸ್ಕೋಪಿನೊಳಗೆ ಸೇರಿದ್ದು ಈ ಶತಮಾನದಲ್ಲಿ. ಯಕೃತ್ತು ಬಣ್ಣವನ್ನು ರಕ್ತದಿಂದ ಹೆಕ್ಕಿ ಪಿತ್ತರಸಕ್ಕೆ ಬಿಡುವುದರಿಂದ ಕೊಬ್ಬಿನಡಿ ಅಡಗಿದ ಪಿತ್ತನಾಳವೂ ಹೊಳೆಯುತ್ತದೆ. ಜಪಾನಿನ ಶಸ್ತ್ರಚಿಕಿತ್ಸಕರು 2000ರ ದಶಕದ ಕೊನೆಗೆ ಈ ಗುಣವನ್ನು ಚೆನ್ನಾಗಿಯೇ ದುಡಿಸಿಕೊಂಡರು. ಆದರೆ ಚುಚ್ಚುಮದ್ದಿನ ಹೊತ್ತು ಮುಖ್ಯ: ಶಸ್ತ್ರಚಿಕಿತ್ಸೆಗೆ ತೀರ ಸಮೀಪದಲ್ಲಿ ಕೊಟ್ಟರೆ ಯಕೃತ್ತೇ ಪರದೆ ತುಂಬ ಬೆಳಗಿ ನಾಳ ಮಸುಕಾಗುತ್ತದೆ, ಹಲವು ಗಂಟೆ ಮೊದಲೇ ಕೊಟ್ಟರೆ ಹಿನ್ನೆಲೆ ತಿಳಿಯಾಗುತ್ತದೆ.

ಕರುಳಿನ ಲೆಕ್ಕ ಬೇರೆ. ಅಲ್ಲಿ ತುಂಡರಿಸಿದ ಎರಡು ತುದಿಗಳನ್ನು ಹೊಲಿಯುವ ಮುನ್ನ ರಕ್ತನಾಳಕ್ಕೆ ಕೆಲವೇ ಮಿಲಿಗ್ರಾಂ ಐಸಿಜಿ ಕೊಟ್ಟರೆ, ಒಂದೆರಡು ನಿಮಿಷದೊಳಗೆ ರಕ್ತ ತಲುಪುವ ಭಾಗ ಹೊಳೆದು, ತಲುಪದ ಭಾಗ ಕಪ್ಪಾಗಿಯೇ ಉಳಿಯುತ್ತದೆ. ಸರ್ಜನ್ ಕತ್ತರಿಸುವ ಗೆರೆಯನ್ನು ಹಿಂದಕ್ಕೆ ಸರಿಸುತ್ತಾರೆ. ಇದರಿಂದ ಜೋಡಣೆಯ ಸೋರಿಕೆ, ಅಂದರೆ ಹೊಲಿದ ಜಾಗ ಬಿಟ್ಟುಕೊಂಡು ಕರುಳಿನೊಳಗಿನದು ಹೊರಬರುವುದು, ನಿಜಕ್ಕೂ ತಗ್ಗುತ್ತದೆಯೇ ಎಂಬ ಪ್ರಶ್ನೆಗೆ ಪ್ರಯೋಗಗಳು ಒಮ್ಮತದ ಉತ್ತರ ಕೊಟ್ಟಿಲ್ಲ. ಅಮೆರಿಕದ ಪಿಲ್ಲರ್ 3 ಅಧ್ಯಯನ ನಿಗದಿತ ಸಂಖ್ಯೆ ತುಂಬುವ ಮೊದಲೇ ನಿಂತಿತು. ಬಣ್ಣ ಬಳಸಿದವರಲ್ಲಿ ಸೋರಿಕೆ ಶೇ 9.0, ಬಳಸದವರಲ್ಲಿ ಶೇ 9.6. ಜಪಾನಿನಲ್ಲಿ ಗುದನಾಳದ ಕ್ಯಾನ್ಸರ್ ಇದ್ದ 800ಕ್ಕೂ ಹೆಚ್ಚು ರೋಗಿಗಳ ಎಸೆನ್ಶಿಯಲ್ ಅಧ್ಯಯನದಲ್ಲಿ ಅದು ಶೇ 11.8ರಿಂದ 7.6ಕ್ಕೆ ಇಳಿಯಿತು. ರಕ್ತಸಂಚಾರ ಸೋರಿಕೆಯ ಒಂದು ಕಾರಣ ಮಾತ್ರ. ಹೊಲಿಗೆಯ ಬಿಗಿತ, ರೋಗಿಯ ಪೋಷಣೆ, ಧೂಮಪಾನಗಳೂ ಅದರಲ್ಲಿ ಪಾಲುದಾರರು. ಎಷ್ಟು ಹೊಳೆದರೆ ಸಾಕು ಎಂಬುದಕ್ಕೂ ಎಲ್ಲರೂ ಒಪ್ಪಿದ ಅಳತೆಯಿಲ್ಲ; ಬಹುಪಾಲು ಥಿಯೇಟರುಗಳಲ್ಲಿ ಅದನ್ನು ಇನ್ನೂ ಸರ್ಜನ್‌ನ ಕಣ್ಣೇ ತೀರ್ಮಾನಿಸುತ್ತದೆ.