‘ಫ್ಯಾನ್ ಹಾಕು’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನಂತೀರಿ?

ಇಂಗ್ಲಿಷ್ ಕಲಿಯಬೇಕೆಂದು ಬರುವ ದೊಡ್ಡವರ ಚೀಲದಲ್ಲಿ ಒಂದು ನೋಟ್‌ಬುಕ್ ಇದ್ದೇ ಇರುತ್ತದೆ. ಪುಟದ ನಡುವೆ ಗೆರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ‘ಅಬಂಡಂಟ್ – ಹೇರಳ’, ‘ಮ್ಯಾಗ್ನಾನಿಮಸ್ – ಉದಾರಿ’. ಉರು ಹೊಡೆದು ಪಟಪಟನೆ ಒಪ್ಪಿಸುತ್ತಾರೆ ಕೂಡ. ‘ಗಿಡಕ್ಕೆ ನೀರು ಹಾಕಿದೆ’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳಿ ನೋಡೋಣ ಅಂದರೆ ಮಾತ್ರ ‘ಐ ಪುಟ್ ವಾಟರ್ ಟು ದ ಪ್ಲಾಂಟ್’ ಎಂದು ನಿಲ್ಲುತ್ತಾರೆ. ‘ಪುಟ್’ ಅಂದರೆ ‘ಹಾಕು, ಇಡು’ ಎಂದು ಎಂದೋ ಕಲಿತಾಗಿದೆಯಲ್ಲ, ಅದನ್ನು ಮತ್ತೆ ಯಾಕೆ ನೋಡಬೇಕು ಅನ್ನುವುದು ಅವರ ಲೆಕ್ಕ.

ದಿನದ ಮಾತಿಗೆ ಬೇಕಾದ ಪದಗಳು ನೀವು ಹೆದರುವಷ್ಟು ಇಲ್ಲ. ಹಿಂದೆ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ, ಹೆಚ್ಚು ಬಳಕೆಯ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ಇದ್ದದ್ದು ಸುಮಾರು 2,000 ಪದ. ಒಂದೊಂದು ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಎಂಬ ಲೆಕ್ಕವನ್ನೂ ಅವರು ಅದರಲ್ಲಿ ಕೊಟ್ಟಿದ್ದರು. ನಮ್ಮವರು ಪದ ಎಣಿಸುತ್ತಾರೆ, ಅರ್ಥ ಎಣಿಸುವುದಿಲ್ಲ.

‘ಹಾಕು’ವನ್ನೇ ತೆಗೆದುಕೊಳ್ಳಿ. ಫ್ಯಾನ್ ಹಾಕಿದರೆ ‘ಸ್ವಿಚ್ ಆನ್’, ಬಾಗಿಲು ಹಾಕಿದರೆ ‘ಕ್ಲೋಸ್’, ಬೀಗ ಹಾಕಿದರೆ ‘ಲಾಕ್’, ನಾಯಿಗೆ ಅನ್ನ ಹಾಕಿದರೆ ‘ಫೀಡ್’, ಸಹಿ ಹಾಕಿದರೆ ‘ಸೈನ್’, ರಂಗೋಲಿ ಹಾಕಿದರೆ ‘ಡ್ರಾ’, ಓಟು ಹಾಕಿದರೆ ‘ವೋಟ್’. ಗಿಡಕ್ಕೆ ನೀರು ಹಾಕಿದರೆ ‘ವಾಟರ್’ ಅನ್ನುವುದೇ ಕ್ರಿಯಾಪದ: ‘ಐ ವಾಟರ್ಡ್ ದ ಪ್ಲಾಂಟ್ಸ್’. ಟೀಗೆ ಸಕ್ಕರೆ, ಜೇಬಿಗೆ ದುಡ್ಡು ಹಾಕುವಾಗ ಮಾತ್ರ ‘ಪುಟ್’ ಸಲೀಸಾಗಿ ಕೂರುತ್ತದೆ. ‘ಪುಟ್ ದ ಫ್ಯಾನ್ ಆನ್’ ಎಂದರೂ ನಡೆಯುತ್ತದೆ, ಆ ‘ಆನ್’ ಬಿಟ್ಟರೆ ಕೆಟ್ಟಿತು. ಕನ್ನಡದಲ್ಲಿ ಕೆಲಸ ಯಾವುದೆಂದು ತಿಳಿಸುವುದು ‘ಹಾಕು’ವಿಗೆ ಮೊದಲು ಬರುವ ನಾಮಪದ. ಬಾಗಿಲೋ, ಬೀಗವೋ, ಓಟೋ ಎಂದು ಗೊತ್ತಾದರೆ ಸಾಕು, ‘ಹಾಕು’ ಎಲ್ಲದಕ್ಕೂ ಹೊಂದುತ್ತದೆ. ಇಂಗ್ಲಿಷ್ ಅಲ್ಲಿ ಕ್ರಿಯಾಪದವನ್ನೇ ಬದಲಿಸುತ್ತದೆ. ಹಾಗಾಗಿ ಒಂದು ಪದದ ಎದುರು ಒಂದೇ ಅರ್ಥ ಬರೆದ ಪಟ್ಟಿ ನಿಮ್ಮ ಕೈ ಹಿಡಿಯುವುದಿಲ್ಲ.

ಬಟ್ಟೆಯದು ಇನ್ನೂ ಸ್ವಲ್ಪ ನಾಜೂಕು. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವ ಆ ಅರ್ಧ ನಿಮಿಷದ ಕೆಲಸ ‘ಪುಟ್ ಆನ್’. ಹಾಕಿಕೊಂಡು ಸಂಜೆವರೆಗೆ ಓಡಾಡುವುದು ‘ವೇರ್’. ‘ಅವಳು ಹಸಿರು ಸೀರೆ ಉಟ್ಟಿದ್ದಾಳೆ’ ಅನ್ನಲು ‘ಶಿ ಈಸ್ ಪುಟಿಂಗ್ ಆನ್’ ಎಂದರೆ, ಅವಳಿನ್ನೂ ನೆರಿಗೆ ಹಿಡಿಯುತ್ತಿದ್ದಾಳೆ ಅಂತಾಯಿತು.

ಕೈಕಾಲಿನ ವಿಷಯದಲ್ಲೂ ಇಂಥದೇ ಎಡವಟ್ಟು. ನಮ್ಮ ‘ಕಾಲು’ ತೊಡೆಯಿಂದ ಹೆಬ್ಬೆರಳಿನವರೆಗೆ ಒಂದೇ. ಅವರಿಗೆ ಹರಡಿನಿಂದ ಮೇಲೆ ‘ಲೆಗ್’, ಕೆಳಗೆ ‘ಫುಟ್’. ಕೈಯಾದರೆ ಮಣಿಕಟ್ಟಿನಿಂದ ಮೇಲೆ ‘ಆರ್ಮ್’, ಕೆಳಗೆ ‘ಹ್ಯಾಂಡ್’. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ಪಾದ ಊದಿದೆ ಅನ್ನಲು ‘ಲೆಗ್’ ಎಂದರೆ ಡಾಕ್ಟರು ಮೊಣಕಾಲು, ಮೀನಖಂಡ ಎಲ್ಲ ಒತ್ತಿ ನೋಡಿಯಾರು. ಗಾಬರಿಯಾದರೆ ಪದ ಬಿಟ್ಟು ಬೆರಳಿಟ್ಟು ತೋರಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಾಗಾದರೆ ಮಾಡುವುದು ಹೇಗೆ? ನೋಟ್‌ಬುಕ್ ತಿರುಗಿಸಿ. ವಾರಕ್ಕೊಂದೇ ಕನ್ನಡ ಕ್ರಿಯಾಪದ ಹಿಡಿಯಿರಿ: ಹಾಕು, ಬಿಡು, ಕಟ್ಟು, ತೆಗೆ, ಹೊಡೆ. ನೀವೇ ದಿನವಿಡೀ ಆಡಿದ ಮಾತುಗಳಲ್ಲಿ ಐದಾರನ್ನು ರಾತ್ರಿ ಎಡಕ್ಕೆ ಬರೆಯಿರಿ. ‘ಫೀಸ್ ಕಟ್ಟಿದೆ’, ‘ಮೂಗು ಕಟ್ಟಿದೆ’, ‘ಹೂ ಕಟ್ಟಿದೆ’. ಬಲಕ್ಕೆ ಇಡೀ ಇಂಗ್ಲಿಷ್ ವಾಕ್ಯ ಬರಬೇಕು, ಬಿಡಿ ಪದ ಬೇಡ. ‘ಮೈ ನೋಸ್ ಈಸ್ ಬ್ಲಾಕ್ಡ್’ ಎಂದು ಪೂರ್ತಿ ಬರೆದವರು ‘ಟೈಡ್’ ಅನ್ನುವುದಿಲ್ಲ. ಗೊತ್ತಾಗದಿದ್ದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ ನೋಡಿ. ಅವುಗಳಲ್ಲಿ ಹಲವು ವಿವರಣೆಯನ್ನು ಎರಡು ಮೂರು ಸಾವಿರ ಸುಲಭ ಪದಗಳಲ್ಲೇ ಮುಗಿಸುತ್ತವೆ. ಮೊದಲು ಉದಾಹರಣೆ ಓದಿ, ಆಮೇಲೆ ಅರ್ಥ. ಮಾರನೆಯ ದಿನ, ಮೂರನೆಯ ದಿನ, ವಾರದ ಕೊನೆಗೆ ಬಲಭಾಗ ಮುಚ್ಚಿ ಬಾಯಿಬಿಟ್ಟು ಹೇಳಿ. ಎರಡು ಸಲ ತಪ್ಪಿದ್ದನ್ನು ಹೊಸ ವಾಕ್ಯದಲ್ಲಿ ಬರೆಯಿರಿ, ಹಳೆಯದನ್ನೇ ಗಿಣಿಪಾಠ ಮಾಡಬೇಡಿ. ಇಪ್ಪತ್ತು ವಾಕ್ಯ ಬರೆಯುವ ಉತ್ಸಾಹ ಬಂದರೂ ಬೇಡ. ಹಾಗೆ ಶುರು ಮಾಡಿದವರು ಸಾಮಾನ್ಯವಾಗಿ ಎರಡನೆಯ ವಾರ ಕಾಣಿಸುವುದಿಲ್ಲ.

ವಿದೇಶದಲ್ಲಿ ಉನ್ನತ ಓದಿಗೆಂದು ಬರೆಯುವ ಜಿಆರ್‌ಇ ಥರದ ಪರೀಕ್ಷೆ ಕಟ್ಟಿದವರಿಗೆ ‘ಮ್ಯಾಗ್ನಾನಿಮಸ್’ ಬೇಕಾಗಬಹುದು, ಅವರ ದಾರಿ ಬೇರೆ. ಇನ್ನು ನಾವು ನಮ್ಮದೇ ಅರ್ಥದಲ್ಲಿ ಬಳಸುವ ‘ಕವರ್’, ‘ಪಾರ್ಸೆಲ್’, ‘ಹೋಟೆಲ್’ ಇವನ್ನು ತಿದ್ದಲು ಹೋಗಬೇಡಿ. ಮಲ್ಲೇಶ್ವರದಲ್ಲಿ ‘ಎರಡು ಇಡ್ಲಿ ಪಾರ್ಸೆಲ್’ ಅಂದರೆ ಅದು ಸರಿಯೇ. ಲಂಡನ್ನಿನ ಅಂಗಡಿಯಲ್ಲಿ ಮಾತ್ರ ಕಟ್ಟಿಸಿಕೊಂಡು ಹೋಗುವುದಕ್ಕೆ ‘ಟೇಕ್‌ಅವೇ’ ಅನ್ನಿ, ಪ್ಲಾಸ್ಟಿಕ್ ಕವರ್ ಬೇಕಿದ್ದರೆ ‘ಬ್ಯಾಗ್’ ಕೇಳಿ.