ನೋಡಹೊರಟ ಕ್ಷಣವೇ ಮಾಯ

ಕಣ್ಣಿನ ಹಿಂಬದಿಯ ರೆಟಿನಾ ಪರದೆಯ ನಡುಭಾಗ, ಅಂದರೆ ಮ್ಯಾಕ್ಯುಲಾ, ಸವೆದವರ ಮನೆಮಂದಿ ನನ್ನ ಬಳಿ ಹೇಳುವ ದೂರು ಹೆಚ್ಚುಕಮ್ಮಿ ಒಂದೇ. "ಅಪ್ಪ ಮನೆತುಂಬ ಆರಾಮಾಗಿ ಓಡಾಡ್ತಾರೆ. ಬಾಗಿಲಲ್ಲಿ ಬೆಕ್ಕು ಸುಳಿದ್ರೂ ಗೊತ್ತಾಗುತ್ತೆ. ಕಣ್ಣೆದುರಿಗಿರೋ ಮಾತ್ರೆ ಮಾತ್ರ ಕಾಣಲ್ಲ ಅಂತಾರೆ. ಬೇಕಂತಲೇ ಮಾಡ್ತಾರಾ?"

ಇಲ್ಲ. ಬೆಕ್ಕನ್ನು ಹಿಡಿಯುವುದು ರೆಟಿನಾದ ಅಂಚು. ಓದು, ಮುಖದ ಗುರುತು, ಸೂಜಿಗೆ ದಾರ ಪೋಣಿಸುವುದು ಇವೆಲ್ಲ ಮ್ಯಾಕ್ಯುಲಾದ ನಟ್ಟನಡುವಿನ ಫೋವಿಯಾ ಎಂಬ ಪುಟ್ಟ ಕುಳಿಯ ಕೆಲಸ. ಅದರ ಅಗಲ ಸುಮಾರು 1.5 ಮಿ.ಮೀ. ಅಷ್ಟೆ.

ಏನನ್ನಾದರೂ ಹುಡುಕುವಾಗ ಕಣ್ಣು ಸೆಕೆಂಡಿಗೆ ಮೂರು ಸಲದಷ್ಟು ಜಿಗಿಯುತ್ತದೆ. ಅಂಚಿನಲ್ಲಿ ಬೆಳ್ಳಗೆ ಏನೋ ಕಂಡಿತು ಅನ್ನಿ, ಗಮನ ಅತ್ತ ಹೋಗುತ್ತದೆ, ಬೆನ್ನಲ್ಲೇ ಫೋವಿಯಾ ಅದರ ಮೇಲೆ ಬಂದು ಕೂರುತ್ತದೆ. ಹುಟ್ಟಿದಾಗಿನಿಂದ ಬಂದ ರೂಢಿ ಇದು. ನಡುಭಾಗ ಸತ್ತವರಲ್ಲಿ ಇದೇ ರೂಢಿ ಕೈಕೊಡುತ್ತದೆ. ಮಾತ್ರೆ ಓರೆಯಲ್ಲಿ ಕಂಡಿತ್ತು, ನೇರ ನೋಡಿದರು, ಹೋಯಿತು. ಅಲ್ಲಿ ಕಪ್ಪು ಚುಕ್ಕೆ ಕಾಣುತ್ತದೆಂದು ನೀವು ಊಹಿಸಬಹುದು. ಬಹಳಷ್ಟು ಜನರಿಗೆ ಅದೂ ಕಾಣುವುದಿಲ್ಲ. ಮಿದುಳು ಸುತ್ತಲಿನ ಮೇಜುಬಟ್ಟೆಯ ಚಿತ್ತಾರವನ್ನೇ ಎಳೆದು ಆ ತೂತಿಗೆ ತೇಪೆ ಹಾಕಿರುತ್ತದೆ. ಹಾಗಾಗಿ "ಇಲ್ಲಿ ಏನೂ ಇಲ್ಲ" ಎಂದು ಅವರು ಆಣೆ ಮಾಡಿ ಹೇಳಿದರೆ, ಅವರ ಮಟ್ಟಿಗೆ ಅದು ನಿಜ.

ಓರೆನೋಟಕ್ಕೆ ಗಿಜಿಗಿಜಿಯೂ ಆಗದು. ನೋಟ ನೆಟ್ಟ ಜಾಗದಿಂದ ಎಷ್ಟು ದೂರದಲ್ಲಿ ವಸ್ತುವಿದೆಯೋ ಅದರ ಅರ್ಧದಷ್ಟಾದರೂ ಖಾಲಿ ಜಾಗ ಅದರ ಅಕ್ಕಪಕ್ಕ ಬೇಕು. ಬೌಮಾ ಎಂಬ ವಿಜ್ಞಾನಿ 1970ರಲ್ಲಿ ಅಕ್ಷರಗಳನ್ನಿಟ್ಟು ತೋರಿಸಿದ ಲೆಕ್ಕ ಇದು. ಒತ್ತೊತ್ತಾಗಿಟ್ಟ ಡಬ್ಬಿಗಳು ಕಲಸಿಕೊಂಡು ಕಾಣುವುದು ಇದರಿಂದಲೇ. ಕಪಾಟು ಅರ್ಧ ಖಾಲಿ ಮಾಡಿ, ಕನ್ನಡಕದ ನಂಬರ್ ಬದಲಿಸುವುದಕ್ಕಿಂತ ಹೆಚ್ಚು ಉಪಯೋಗ.

ಎಷ್ಟೋ ಜನ ತಮಗೇ ತಿಳಿಯದೆ ತೂತಿನ ಪಕ್ಕದ ಒಂದು ಆರೋಗ್ಯವಂತ ಜಾಗವನ್ನು ಬದಲಿ ಫೋವಿಯಾ ಮಾಡಿಕೊಳ್ಳುತ್ತಾರೆ. ಮಾತಾಡುವಾಗ ನಿಮ್ಮ ಹೆಗಲಾಚೆ ನೋಡುತ್ತಾರೆ. ನೆಂಟರು ಅದನ್ನು ಜಂಬ ಎಂದುಕೊಳ್ಳುವುದುಂಟು. ಜಾಗ ಸಿಕ್ಕರೆ ಸಾಲದು, ಗಮನವೂ ಕಣ್ಣಿನ ಜಿಗಿತವೂ ಅಲ್ಲಿಗೆ ಒಗ್ಗಬೇಕು. ಕೂತು ಓದುವಾಗ ಒಗ್ಗಿದ್ದು, ಬಸ್ಸಿನ ಬೋರ್ಡ್ ಹುಡುಕುವ ಗಡಿಬಿಡಿಯಲ್ಲಿ ಮರೆತುಹೋಗುವುದನ್ನು ನಾನು ಕಾಣುತ್ತಿರುತ್ತೇನೆ.

ನಾನು ಕೊಡುವ ಓರೆನೋಟದ ತರಬೇತಿಯಲ್ಲಿ ಎದುರು ಕೂತು, "ನನ್ನ ಮುಖ ಗಡಿಯಾರ ಅಂದ್ಕೊಳ್ಳಿ. 12ರ ಕಡೆ ನೋಡಿ, ಆಮೇಲೆ 3, 6, 9. ಎಲ್ಲಿ ನೋಡಿದಾಗ ನನ್ನ ಮೂಗು ಚೆನ್ನಾಗಿ ಕಾಣುತ್ತೆ?" ಎನ್ನುತ್ತೇನೆ. ಓದುವವರಿಗೆ 12 ಅಥವಾ 6 ಹೊಂದಿದರೆ ಅನುಕೂಲ, ತೂತು ಸಾಲಿನ ಮೇಲೆ ಬೀಳುವುದಿಲ್ಲ. ಮೇಜಿನ ಮೇಲೆ ಹುಡುಕುವಾಗ ಎಡದಿಂದ ಬಲಕ್ಕೆ, ಸಾಲುಸಾಲಾಗಿ.

ಮನೆಯವರೇ, ಬಿಳಿ ತಟ್ಟೆಯಲ್ಲಿ ಮೊಸರನ್ನ ಬಡಿಸಬೇಡಿ. ಮಾತ್ರೆಗೆ ಕಪ್ಪು ಬಟ್ಟೆ ಹಾಸಿ. "ಅಲ್ಲೇ ಇದೆ ನೋಡಿ" ಎನ್ನುವ ಬದಲು "ಎಡಗೈ ಪಕ್ಕ ಇದೆ" ಎನ್ನಿ.

ಇನ್ನೊಂದು. ಒಂದು ಕಣ್ಣು ಮುಚ್ಚಿ ನೋಡಿದಾಗ ಬಾಗಿಲ ಚೌಕಟ್ಟೋ ಟೈಲ್ಸಿನ ಗೆರೆಯೋ ಹೊಸದಾಗಿ ಡೊಂಕಾಗಿ ಕಂಡರೆ ತರಬೇತಿಗೆ ಬರಬೇಡಿ, ಮೊದಲು ರೆಟಿನಾ ವೈದ್ಯರ ಬಳಿ ಹೋಗಿ. ರಕ್ತನಾಳ ಸೋರುತ್ತಿದ್ದರೆ ಇಂಜೆಕ್ಷನ್ ಇದೆ, ತಡವಾದಷ್ಟೂ ಅದರ ಪ್ರಯೋಜನ ಕಡಿಮೆ.